ಪ್ಲಸ್ ತಂತಿಗೆ ಪೀಠ ಕೊಟ್ಟವರಿಗೆ

ಮಾನ್ಯ ಪರಿಸರ ಅಧಿಕಾರಿಗಳೇ,

ನಮ್ಮೂರ ಎಣ್ಣೆಹೊಂಡದ ಪಕ್ಕದ ಕರೆಂಟು ಪೆಟ್ಟಿಗೆಗೆ ಬೀಗ ಜಡಿದು, ಕೀಲಿಯನ್ನು ಜೇಬಿಗಿಳಿಸಿಕೊಂಡು ಹೋಗಿದ್ದೀರಿ. ಇಂದಿಗೆ ಇಪ್ಪತ್ತಮೂರು ದಿನವಾಯಿತು. ಅದನ್ನು ವಾಪಸು ಕೊಡಿ. ಕಾರಣ ಬರೆಯದ ಕಾಗದವನ್ನು ತಾವು ಮುಟ್ಟುವುದಿಲ್ಲವಂತೆ, ಆದ್ದರಿಂದ ಕಾರಣವನ್ನೂ ಬರೆಯುತ್ತೇನೆ.

ಎರಡು ವರ್ಷದ ಕೆಳಗೆ ನನ್ನ ಒಂಟೆಯ ಮೊದಲ ಮರಿ ಆ ಹೊಂಡದಂಚಿನ ಕಪ್ಪು ಕೆಸರಿನಲ್ಲಿ ಸಿಕ್ಕಿ ಸತ್ತಿತು. ತಾಯಿ ನಾಲ್ಕು ದಿನ ಅಲ್ಲಿಂದ ಕದಲಲಿಲ್ಲ. ಕಳೆದ ವಸಂತದಲ್ಲಿ ಅತಿರಾವ್ ನಗರದಿಂದ ಸಂಶೋಧಕಿ ಜಿಬೆಕ್ ಬಂದು, ಅಲ್ಲಿನ ಎಣ್ಣೆ ಕುಡಿದ ನೆಲದ ಎರಡೂ ತುದಿಗೆ ಸರಳು ನೆಟ್ಟು ಸಣ್ಣಗೆ ಕರೆಂಟು ಹರಿಸಿದಳು.

"ಅಕ್ಕಾ, ಎಣ್ಣೆ ತಿನ್ನೋ ಸೂಕ್ಷ್ಮಜೀವಿಗಳು ಈ ಮಣ್ಣಲ್ಲೇ ಇವೆ. ಕರೆಂಟು ಅವಕ್ಕೆ ಊಟ ಬಡಿಸುತ್ತೆ, ಅಷ್ಟೆ. ಆದ್ರೆ ದಿನಾ ಬೆಳಿಗ್ಗೆ ಪ್ಲಸ್ಸು ಮೈನಸ್ಸು ಅದಲು ಬದಲು ಮಾಡ್ಬೇಕು. ಇಲ್ದಿದ್ರೆ ಪ್ಲಸ್ ಇರೋ ಕಡೆ ಮಣ್ಣು ಹುಳಿಯಾಗಿ ಎಲ್ಲಾ ಸಾಯ್ತವೆ" ಎಂದಳು.

ಹಾಲು ಕರೆದು ಬಂದು ತಂತಿ ಬದಲಿಸುವುದು ನನ್ನ ಕೆಲಸವಾಯಿತು. ಈ ಏಪ್ರಿಲ್‌ನಲ್ಲಿ ಆ ನೆಲದಲ್ಲಿ ಗೇಣುದ್ದ ಹುಲ್ಲು ಎದ್ದಿತು. ನಾನು ಅತ್ತುಬಿಟ್ಟೆ.

ಆಮೇಲೆ ತಾವು ದಯಮಾಡಿಸಿದಿರಿ. ಆ ನೆಲದ ಒಂದು ತುದಿಯಲ್ಲಿ, ಕತ್ತೆ ಕೊಟ್ಟಿಗೆ ಇರುವ ತುದಿಗೆ ಎದುರಾಗಿ ಡೇರೆ ಹಾಕಿ, ಬಾಗಿಲಿಗೆ ಎದುರಿನ ಹಿರಿಯರ ಜಾಗದಲ್ಲಿ ನಿಮ್ಮನ್ನು ಕೂರಿಸಿ, ಬೇಯಿಸಿದ ಕುರಿತಲೆಯನ್ನು ನಿಮ್ಮ ಮುಂದಿಟ್ಟೆವು. ತಲೆಯಲ್ಲಿ ಕಿವಿಯೊಂದನ್ನೂ ಉಳಿಸದೆ ತಿಂದು ಮುಗಿಸಿ ತಾವು ಕೇಳಿದಿರಿ: "ಇದೇನಮ್ಮ, ಮೈನಸ್ಸು ನನ್ನ ಕಡೆ, ಪ್ಲಸ್ಸು ಕತ್ತೆ ಕೊಟ್ಟಿಗೆ ಕಡೆನಾ?"

"ನಾಳೆ ಬದಲಾಗುತ್ತೆ ಸರ್" ಎಂದಳು ಜಿಬೆಕ್.

"ನಾಳೆ ಯಾಕೆ? ಈಗ್ಲೇ ಬದಲಾಯ್ಸು. ಇನ್ಮೇಲೆ ಹಾಗೇ ಇರ್ಲಿ."

ಬೀಗ ಬಿತ್ತು. ಮುರಿದರೆ ಜಿಬೆಕ್‌ಳ ಪರವಾನಗಿ ರದ್ದು ಎಂಬ ಚೀಟಿಯೂ ಅಂಟಿತು. ಹಿರಿಯರ ಜಾಗದಲ್ಲಿ ಕೂತವರಿಗೆ ಎದುರಾಡುವ ಪದ್ಧತಿ ನಮ್ಮಲ್ಲಿಲ್ಲ. ನಾನೂ ಬಾಯಿ ಮುಚ್ಚಿಕೊಂಡು ಚಹಾ ಬಗ್ಗಿಸಿದೆ. ಆ ತಪ್ಪು ನನ್ನದು, ಈ ಪತ್ರವನ್ನು ಜಿಲ್ಲಾ ಪತ್ರಿಕೆಗೂ ಕಳಿಸಿ ಇಡೀ ಜಿಲ್ಲೆಯ ಎದುರು ಒಪ್ಪಿಕೊಳ್ಳುತ್ತಿದ್ದೇನೆ. ಆದರೆ ಸ್ವಾಮಿ, ವಿದ್ಯುತ್ತಿಗೆ ತಮ್ಮ ದರ್ಜೆ ಹೇಗೆ ಗೊತ್ತಾಗಬೇಕು? ಕಣ್ಣಿಗೆ ಕಾಣದ ಆ ಬಡಪಾಯಿಗಳು ಯಾವ ಕಚೇರಿಗೆ ಬಂದು ಸಲಾಮು ಹೊಡೆಯಬೇಕು?

ನೀವು ಗೌರವ ಕೊಡಿಸಿದ ತುದಿಯಲ್ಲಿ ಈಗ ಹುಲ್ಲು ಸುಟ್ಟು ಹೋಗಿದೆ. ನನ್ನ ಒಂಟೆ ಮತ್ತೆ ಗಬ್ಬವಾಗಿದೆ, ಈ ವಾರವೋ ಮುಂದಿನ ವಾರವೋ ಈಯುತ್ತದೆ. ಮೊದಲ ಮರಿ ಸತ್ತ ಜಾಗಕ್ಕೇ ಹೋಗಿ ನಿಲ್ಲುತ್ತಿದೆ. ನನಗೆ ಭಯವಾಗುತ್ತಿದೆ.

ಶುಕ್ರವಾರದೊಳಗೆ ಕೀಲಿ ಕಳಿಸಿ. ಇಲ್ಲವಾದರೆ ತಾವೇ ಬನ್ನಿ, ಕುರಿ ಕಡಿಯುತ್ತೇನೆ. ಅದೇ ಹಿರಿಯರ ಜಾಗದಲ್ಲಿ, ಆ ಹುಳಿ ಮಣ್ಣಿನ ಮೇಲೆ ಕೂರಿಸುತ್ತೇನೆ. ಇಪ್ಪತ್ತಮೂರು ದಿನ ಏಳಲು ಬಿಡುವುದಿಲ್ಲ.

ಇಂತಿ,
ಅಂದು ನಿಮಗೆ ಚಹಾ ಬಗ್ಗಿಸಿ ಸುಮ್ಮನಿದ್ದ
ಕುಲ್ಯಾಶ್, ಒಂಟೆ ಸಾಕುವವಳು