ಕೋಟು ಬದಲಿಸದ ದಿನ

ಮಾರ್ಚ್ 3, ಸಂಜೆ

ಮತ್ತೆ ಅದೇ. ಹರಳು ಸೂಜಿಯ ಹಾಗೆ ಬರಬೇಕು, ಚಪ್ಪಟೆಯಾಗಿ ಬಂದಿದೆ. ಆರನೇ ಬ್ಯಾಚ್ ವೇಸ್ಟ್. ಅದೇ ಔಷಧ, ಅದೇ ಬಿಸಿ, ಅದೇ ಅಳತೆ... ಆದರೆ ಚಪ್ಪಟೆ ಹರಳು ಹೊಟ್ಟೆಯಲ್ಲಿ ಕರಗುವುದಿಲ್ಲ. ಕರಗದ ಮಾತ್ರೆ ನುಂಗಿ ರೋಗಿಗೇನು ಲಾಭ?

ಹರಳು ಕಟ್ಟುವ ಟ್ಯಾಂಕು ಭಾವನ ಕೈಯಲ್ಲಿದೆ, ಹತ್ತೊಂಬತ್ತು ವರ್ಷದಿಂದ. ನನ್ನನ್ನು ಈ ಲ್ಯಾಬಿಗೆ ಸೇರಿಸಿದವರೂ ಅವರೇ. ಈಗ ಎಲ್ಲರ ಕಣ್ಣೂ ಅವರ ಮೇಲೆ.

ಮಾರ್ಚ್ 4

ಮ್ಯಾನೇಜರ್ ಬಂದರು. "ಇಷ್ಟು ವರ್ಷ ಸರಿಯಾಗಿದ್ದದ್ದಕ್ಕೆ ಈಗೇನಮ್ಮಾ ಬಂತು?"

ಸೂಜಿ ಹರಳು ಮೆಟಾಸ್ಟೇಬಲ್ ಸಾರ್, ಎಂದೆ. ಕಣ್ಣು ಕಣ್ಣು ಬಿಟ್ಟರು. ಭಾವನೇ ಬಿಡಿಸಿ ಹೇಳಿದರು: "ಇಟ್ಟಿಗೇನ ಉದ್ದಕ್ಕೆ ನಿಲ್ಸಿದ ಹಾಗೆ ಸಾರ್. ವರ್ಷಗಟ್ಟಲೆ ಬೇಕಾದ್ರೂ ನಿಲ್ಲುತ್ತೆ. ಆದ್ರೆ ಮಲಗಿದ್ರೇನೇ ಅದಕ್ಕೆ ನೆಮ್ಮದಿ. ಯಾರಾದ್ರೂ ತಾಗ್ಬೇಕು, ಅಷ್ಟೆ. ಚಪ್ಪಟೆ ಹರಳಿನ ಒಂದೇ ಒಂದು ಕಣ ಟ್ಯಾಂಕಿಗೆ ಬಿದ್ರೆ ಸಾಕು, ಪೂರ್ತಿ ಅದರ ದಾರೀನೇ ಹಿಡಿಯುತ್ತೆ."

"ಆ ಕಣ ಬಂದದ್ದೆಲ್ಲಿಂದ?"

ಭಾವ ತಲೆ ಕೆರೆದುಕೊಂಡರು. ನಾನು ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಸ್ಲೈಡೇ ಹಾಕಿರಲಿಲ್ಲ.

ಮಾರ್ಚ್ 5

ಬರೆದೇ ಬಿಡುತ್ತೇನೆ. ಹೋದ ತಿಂಗಳು ನಮ್ಮ ಕಂಪನಿಯದೇ ಇನ್ನೊಂದು ಫ್ಯಾಕ್ಟರಿಗೆ ಹೋಗಿದ್ದೆ. ಚಪ್ಪಟೆ ಹರಳು ಮೊದಲು ಕಾಣಿಸಿಕೊಂಡದ್ದು ಅಲ್ಲಿ. ವಾಪಸ್ ಬಂದವಳು ಕೋಟು ಬದಲಿಸಬೇಕಿತ್ತು. ಐದು ನಿಮಿಷದ ಸೋಮಾರಿತನ... ಅಲ್ಲಿನ ಪುಡಿ ಮೆತ್ತಿದ್ದ ಅದೇ ಕೋಟಿನಲ್ಲಿ ಟ್ಯಾಂಕಿನ ಮುಚ್ಚಳ ತೆಗೆದು ಬಗ್ಗಿ ನೋಡಿದೆ. ಬದಲಿಸಿದ್ದೇನೆಂದು ರಿಜಿಸ್ಟರಿನಲ್ಲಿ ಸಹಿ ಬೇರೆ! ಥೂ ನನ್ನ ಜನ್ಮಕ್ಕೆ.

ಮಾರ್ಚ್ 9

ಭಾವನಿಗೆ ನೋಟಿಸ್. ಟ್ಯಾಂಕು ಸರಿಯಾಗಿ ತೊಳೆದಿಲ್ಲವಂತೆ. ತೊಳೆಯುವುದರಲ್ಲಿ ಅವರಷ್ಟು ಅಚ್ಚುಕಟ್ಟು ಇನ್ಯಾರಿದ್ದಾರೆ?

ನಾಳೆ ಹೇಳುತ್ತೇನೆ. ನಾಳೆ ಖಂಡಿತ.

ಮಾರ್ಚ್ 17

ಹೇಳಲಿಲ್ಲ. ಭಾವ ಇವತ್ತು ರಾಜೀನಾಮೆ ಕೊಟ್ಟರು. ಗೇಟಿನ ಹತ್ತಿರ ನನ್ನನ್ನು ಕಂಡು ನಿಂತರು. "ಎಲ್ಲೋ ಒಂದ್ಸಲ ಕೈ ತಪ್ಪಿರ್ಬೇಕು ಕಣಮ್ಮಾ. ನನಗೇ ಗೊತ್ತಾಗ್ದೆ."

ತಲೆಯಾಡಿಸಿದೆ. ಹೌದೆಂದು ತಲೆಯಾಡಿಸಿಬಿಟ್ಟೆನಲ್ಲ!

ಮಾರ್ಚ್ 18, ಬೆಳಿಗ್ಗೆ 8

ಅಕ್ಕನ ಫೋನ್. "ಇವರು ತಮ್ಮ ಕೈಗಳನ್ನೇ ನೋಡ್ಕೊಂಡು ಕೂತಿದಾರೆ ಕಣೇ. ಊಟಾನೂ ಬೇಡ ಅಂತಾರೆ. ನೀನು ಓದಿದವಳು, ಬಂದು ಹೇಳೇ, ಇವರದ್ದೇನೂ ತಪ್ಪಿಲ್ಲ ಅಂತ. ನೀನು ಹೇಳಿದ್ರೆ ನಂಬ್ತಾರೆ."

ಬರುತ್ತೇನೆ ಎಂದೆ. ಚಪ್ಪಲಿ ಹಾಕಿಕೊಂಡು ಅರ್ಧ ಗಂಟೆಯಾಯಿತು. ಏನೆಂದು ಶುರು ಮಾಡಲಿ? ಇಲ್ಲೇ ಬರೆದು ನೋಡುತ್ತೇನೆ.

ಭಾವ, ನಿಮ್ಮ ಕೈ ತಪ್ಪಲಿಲ್ಲ. ಅವತ್ತು ನಾನು —