ಅಪ್ಪನ ಎಡೆಗೆ ಒಂದು ಮೊಟ್ಟೆ

ಚಾಂಗ್‌ಥಾಂಗ್, ಲಡಾಖ್
24 ಸೆಪ್ಟೆಂಬರ್ 2025

ಅವ್ವ,

ನಿನ್ನ ಮಗಳು ಅರ್ಪಿತ ಮಾಡುವ ನಮಸ್ಕಾರ. ನಾವಿಬ್ಬರೂ ಚೆನ್ನಾಗಿದ್ದೇವೆ. ಗೌರಿ ಹಬ್ಬದೊಳಗೆ ಕಾಗದ ಹಾಕುತ್ತೇನೆ ಅಂದಿದ್ದೆ, ಆಗಲಿಲ್ಲ, ಬೈದುಕೊಳ್ಳಬೇಡ. ಫೋನ್ ಮಾಡಬಹುದಿತ್ತು ನಿಜ. ಆದರೆ ಮನೆಯಲ್ಲಿರುವ ಫೋನು ಯತೀಶಣ್ಣನದು. ನನ್ನ ದನಿ ಕೇಳಿದ ತಕ್ಷಣ ಸ್ಪೀಕರ್‌ಗೆ ಹಾಕಿ ನಿನ್ನ ಪಕ್ಕದಲ್ಲೇ ಕೂರುತ್ತಾನೆ. ಅದಕ್ಕೇ ಅಂಗನವಾಡಿಯ ಹೊಂಬಾಳಮ್ಮನ ವಿಳಾಸಕ್ಕೆ ಬರೆಯುತ್ತಿದ್ದೇನೆ. ನೀನಿನ್ನೂ ಕನ್ನಡಕ ಬದಲಾಯಿಸಿಲ್ಲವಂತೆ. ಅಕ್ಷರ ದಪ್ಪಗಿದೆ, ನಿಧಾನವಾಗಿ ಓದಿಕೋ.

ಮೂರು ದಿನದಿಂದ ನನ್ನ ತಲೆ ಕೆಟ್ಟುಹೋಗಿದೆ. ಕಾರಣ ಕೇಳಿದರೆ ನಗುತ್ತೀಯ. ಮೊಟ್ಟೆ. ಒಂದು ಮೊಟ್ಟೆ ಬೇಯಿಸಲು ಆಗಲಿಲ್ಲ ನನಗೆ.

ಅಪ್ಪ ಹೋದ ಮೇಲೆ ಬಂದ ಮೊದಲ ಮಹಾಲಯ ಅಮಾವಾಸ್ಯೆ ಇದು. ರಜ ಹಾಕಿ ಬರುತ್ತೇನೆ ಎಂದು ಹೋದ ತಿಂಗಳು ಯತೀಶಣ್ಣನನ್ನು ಕೇಳಿದ್ದು ನಿನಗೂ ಗೊತ್ತು. ಒಳಗೆ ಬರುವುದಿಲ್ಲ, ಜಗಲಿಯಲ್ಲೇ ಇರುತ್ತೇನೆ, ಎಡೆಯಲ್ಲಿ ನನ್ನದೂ ಒಂದು ಮೊಟ್ಟೆ ಇಡಲಿ ಸಾಕು ಅಂದೆ. ಅವನು, "ನೀ ಮುಟ್ಟಿದ್ದು ಎಡೆಗೆ ಬರಕಿಲ್ಲ ಕಣಮ್ಮ. ಇಕ್ಲೇಬೇಕು ಅನ್ನಂಗಿದ್ರೆ ಅಲ್ಲೇ ಎಲ್ಲಾರ ಇಕ್ಕೋ" ಅಂದ. ಕಾಲೋನಿಯ ಹುಡುಗನನ್ನು ಮದುವೆಯಾಗಿ ನಾಲ್ಕು ವರ್ಷ ಆಯಿತು. ಆ ಮಾತಿಗೆ ಇನ್ನೂ ಅಷ್ಟೇ ಖಾರ ಇದೆ. ಮೈಯೆಲ್ಲ ಉರಿದುಹೋಯಿತು. ಆಗಲಿ, ಇಲ್ಲೇ ಇಡುತ್ತೇನೆ, ನಿನ್ನ ಅಪ್ಪಣೆ ಯಾರಿಗೆ ಬೇಕು ಎಂದು ಫೋನ್ ಇಟ್ಟೆ.

ಮೊಟ್ಟೆಯೇ ಯಾಕೆ ಎಂದು ನಿನಗೆ ಹೇಳಬೇಕಾಗಿಲ್ಲ. ಒಂದು ವಿಷಯ ಮಾತ್ರ ನಿನಗೆ ಗೊತ್ತಿರಲಿಕ್ಕಿಲ್ಲ. ನಾವು ರಜಕ್ಕೆ ಮಳವಳ್ಳಿಯ ಅತ್ತೆ ಮನೆಗೆ ಬಂದಾಗಲೆಲ್ಲ ಅಪ್ಪ ಮದ್ದೂರಿನ ಟ್ರಿಪ್ಪಿಗೆ ಮುಂಚೆ ಬಸ್ಸು ನಿಲ್ಲಿಸಿ ನನಗೆ ಫೋನ್ ಮಾಡುತ್ತಿದ್ದ. ಬಸ್‌ಸ್ಟ್ಯಾಂಡಿನ ಗಾಡಿಯಲ್ಲಿ ಬೇಯಿಸಿದ ಮೊಟ್ಟೆ ಎರಡು ತಗೊಂಡು ಒಂದನ್ನು ಸುಲಿದು ನನಗೆ ಕೊಡುತ್ತಿದ್ದ. ಮೆಣಸಿನ ಪುಡಿ ತಾನೇ ಉದುರಿಸುತ್ತಿದ್ದ. ಮನೆ ಇಲ್ಲೇ ಹತ್ತಿರ, ಬಾ ಅಂದರೆ ಟೈಮಾಯ್ತು ಅನ್ನುತ್ತಿದ್ದ. ಒಂದು ದಿನವೂ ಬರಲಿಲ್ಲ, ಆದರೆ ಒಂದು ದಿನವೂ ಫೋನ್ ತಪ್ಪಿಸಲಿಲ್ಲ.

ಶಿವರಾಜು ಲೇಹ್‌ಗೆ ಹೋಗಿ ಒಂದು ಡಜನ್ ತಂದರು. ನಿನ್ನ ಅಳಿಯ ಎಂದು ಬರೆದರೆ ನಿನಗೆ ಕಷ್ಟವಾದೀತು, ಹೆಸರನ್ನೇ ಬರೆದಿದ್ದೇನೆ. ಅವರ ಮನೆಯಲ್ಲಿ ಎಡೆ ಇಡುವ ಪದ್ಧತಿಯೇ ಇಲ್ಲ, ಬುದ್ಧನ ಪಟದ ಮುಂದೆ ದೀಪ ಹಚ್ಚುತ್ತಾರೆ. ಆದರೂ ಆರು ಗಂಟೆ ದಾರಿ ಆ ಮೊಟ್ಟೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಾರೆ. ಐದು ದಾರಿಯಲ್ಲೇ ಒಡೆದವು. ಏಳು ಉಳಿದವು.

ಭಾನುವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಮೂರು ಮೊಟ್ಟೆ ನೀರಿಗೆ ಬಿಟ್ಟೆ. ನಾನು ಇಲ್ಲಿ ಮಕ್ಕಳಿಗೆ ಹೇಳಿಕೊಡುವುದೇ ವಿಜ್ಞಾನ ಅವ್ವ. ಊರಲ್ಲಿ ನೂರು ಡಿಗ್ರಿಗೆ ಕುದಿಯುವ ನೀರು ಈ ಎತ್ತರದಲ್ಲಿ ಎಂಬತ್ತಾರಕ್ಕೇ ಕುದಿಯುತ್ತದೆ, ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ ಎಂದು ಜುಲೈನಲ್ಲಷ್ಟೇ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದೇನೆ. ಅಂಥವಳು ಒಲೆ ಮುಂದೆ ನಿಂತಾಗ ಎಲ್ಲ ಮರೆತೆ. ನೀನು ನೀರು ಮರಳಿದ ಮೇಲೆ ಅಂಗಳಕ್ಕೆ ಸಗಣಿ ನೀರು ಹಾಕಿ ಬರುವಷ್ಟು ಹೊತ್ತು ಬಿಡುತ್ತಿದ್ದೆಯಲ್ಲ, ಅದೇ ಲೆಕ್ಕ ಹಿಡಿದು ಹನ್ನೆರಡು ನಿಮಿಷಕ್ಕೆ ಇಳಿಸಿದೆ. ನೀರು ಕೊತಕೊತ ಕುದಿಯುತ್ತಿತ್ತು. ಮೊದಲನೆಯದನ್ನು ಸುಲಿಯಲು ಹೋದರೆ ಬಿಳಿಯೆಲ್ಲ ಸಿಪ್ಪೆಯ ಜೊತೆಗೇ ಕಿತ್ತುಬಂತು, ಹಳದಿ ಅಂಗೈ ಮೇಲೆ ಹರಿಯಿತು. ಮಿಕ್ಕ ಎರಡನ್ನು ಮತ್ತೆ ನೀರಿಗೆ ಬಿಟ್ಟೆ. ಅದರಲ್ಲಿ ಒಂದು ಸೀಳಿತು. ಇನ್ನೊಂದು ಸುಲಿಯುವಾಗ ಹರಿದುಹೋಯಿತು, ಒಳಗೆ ಅದೇ ಹಸಿ.

ಎಡೆಗೆ ಇಡುವ ಮೊಟ್ಟೆ ಇಡಿಯಾಗಿರಬೇಕು, ಕುಯ್ಯಬಾರದು, ರುಚಿ ನೋಡಬಾರದು ಎಂದು ಕಲಿಸಿದವಳು ನೀನು. ಬೆಂದಿದೆಯೋ ಇಲ್ಲವೋ ಎಂದು ಒಡೆಯದೆ ತಿಳಿಯುವುದು ಹೇಗೆ ಎಂದು ಮಾತ್ರ ಕಲಿಸಲಿಲ್ಲ. ಊರಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ. ಇಲ್ಲಿ ಒಡೆದು ನೋಡಿದ ಮೊಟ್ಟೆಯೆಲ್ಲ ಕೆಟ್ಟಿತು.

ಆಮೇಲೆ ಮೂರನ್ನು ಕುಕ್ಕರಿಗೆ ಹಾಕಿದೆ. ಎರಡು ವಿಷಲ್ ಆಗುವಷ್ಟರಲ್ಲಿ ಒಂದಕ್ಕೊಂದು ಬಡಿದುಕೊಂಡು ಮೂರೂ ಒಡೆದು ಹತ್ತಿ ಕಿತ್ತ ಹಾಗೆ ಆಗಿದ್ದವು. ಅವನ್ನು ಕಂಡು ನನಗೆ ಬಂದ ಸಿಟ್ಟಿಗೆ ಕುಕ್ಕರಿನ ಮುಚ್ಚಳ ಗೋಡೆಗೆ ಬೀಸಿದೆ. ಶಿವರಾಜು ಮುಚ್ಚಳ ಎತ್ತಿಟ್ಟರು. ಅದಕ್ಕೂ ರೇಗಿದೆ. ಮಿಕ್ಕಿದ್ದು ಒಂದೇ ಮೊಟ್ಟೆ.

ಅಷ್ಟರಲ್ಲಿ ಮಳವಳ್ಳಿಯಿಂದ ಅತ್ತೆ ಫೋನ್ ಮಾಡಿದರು. ಮರಿತಾಯಮ್ಮ ಅಂತ ಅವರ ಹೆಸರು, ನೀನು ಒಮ್ಮೆಯೂ ಕೇಳಿಲ್ಲ. ನಾನು ಅಳುತ್ತಾ ಎಲ್ಲ ಹೇಳಿದೆ. ಅವರು, "ಅಪ್ಪ ಅಲ್ವಾ ಮಗ, ಅರೆಬೆಂದಿದ್ರೂ ತಿಂತಾನೆ ಬುಡು" ಅಂದರು. ಅವ್ವ, ಆ ಮಾತು ನಿನ್ನ ಬಾಯಿಂದ ಬಂದಿದ್ದರೆ ಎಂದು ಆಗ ಅನ್ನಿಸಿತು. ಅನ್ನಿಸಿದ್ದಕ್ಕೆ ಅವರ ಮುಂದೆ ನಾಚಿಕೆಯೂ ಆಯಿತು.

ಕೊನೆಯದನ್ನು ಪಾತ್ರೆಗೆ ಹಾಕಿ ಮುಚ್ಚಿ, ಮುಚ್ಚಳದ ಮೇಲೆ ಕಲ್ಲು ಹೇರಿ, ಗಡಿಯಾರ ಹಿಡಿದು ಕೂತೆ. ಅರ್ಧ ಗಂಟೆ ಬಿಡಬೇಕು ಎಂದುಕೊಂಡಿದ್ದೆ. ಹದಿನೆಂಟನೇ ನಿಮಿಷಕ್ಕೆ ಸಿಲಿಂಡರ್ ಖಾಲಿ. ಇನ್ನೊಂದು ಬರುವುದು ಗುರುವಾರ. ಬಿಸಿನೀರಲ್ಲೇ ಇನ್ನಷ್ಟು ಹೊತ್ತು ಬಿಟ್ಟು ಉಸಿರು ಹಿಡಿದು ಸುಲಿದೆ. ಇಡಿಯಾಗಿ ಬಂತು. ಒಳಗೆ ಹೇಗಿದೆಯೋ ದೇವರೇ ಬಲ್ಲ.

ಮಧ್ಯಾಹ್ನ ನಾಲ್ಕಕ್ಕೆ ಎಡೆ ಇಟ್ಟೆ. ಬಾಳೆ ಎಲೆ ಇಲ್ಲ, ಸ್ಟೀಲ್ ತಟ್ಟೆ. ಮುದ್ದೆ ಗಂಟುಗಂಟು, ಅನ್ನ ನುಚ್ಚು ನುಚ್ಚು, ನಡುವೆ ಮೊಟ್ಟೆ, ಮೇಲೆ ಮೆಣಸಿನ ಪುಡಿ. ಧೂಪ ಹಾಕಿ ಬಾಗಿಲು ಮುಂದೆ ಮಾಡಿಕೊಂಡು ಇಬ್ಬರೂ ಹೊರಗೆ ನಿಂತೆವು. ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಅಷ್ಟು ದೂರದಿಂದ ಅಪ್ಪ ಇಲ್ಲಿಗೆ ಬರುತ್ತಾನಾ, ದಾರಿ ಗೊತ್ತಾ ಎಂದು ಶಿವರಾಜುವನ್ನು ಕೇಳಿದೆ. ಮೂವತ್ತು ವರ್ಷ ಬಸ್ಸು ಓಡಿಸಿದವರು, ಬರುತ್ತಾರೆ ಅಂದರು.

ಆಮೇಲೆ ಎಡೆಯ ಮೊಟ್ಟೆಯನ್ನು ನಾವಿಬ್ಬರೂ ಹಂಚಿಕೊಂಡು ತಿಂದೆವು. ನಡುವೆ ಇನ್ನೂ ಹಸಿಹಸಿ, ಅಂಟಂಟು. ಅಪ್ಪನ ಮಣ್ಣಿಗೂ ಬರದ ಮಗಳು ಎಂದು ಊರವರು ಆಡಿಕೊಂಡರಂತೆ. ಎಡೆಯನ್ನಾದರೂ ಸರಿಯಾಗಿ ಇಡೋಣ ಎಂದರೆ ಅದೂ ಕೈಹತ್ತಲಿಲ್ಲ. ಸೋತುಹೋಗಿದ್ದೇನೆ ಅವ್ವ.

ನಿನ್ನ ಮಂಡಿನೋವು ಹೇಗಿದೆ? ರೂಪತ್ತಿಗೆಗೆ ಎಂಟು ತಿಂಗಳಂತೆ, ಭಾರ ಎತ್ತಲು ಬಿಡಬೇಡ. ಹುಟ್ಟುವ ಕೂಸು ನೂರು ಕಾಲ ಬಾಳಲಿ. ಯತೀಶಣ್ಣನಿಗೂ ಒಳ್ಳೆಯದಾಗಲಿ, ಕೋಪದಲ್ಲಿ ಬರೆದಿಲ್ಲ, ನಿಜವಾಗಿ ಬರೆದಿದ್ದೇನೆ. ಅಲ್ಲಿಂದಲೇ ನನ್ನ ತಲೆ ಮೇಲೆ ಕೈಯಿಟ್ಟೆ ಎಂದುಕೋ.

ನಿನ್ನ
ಅರ್ಪಿತ

ಇನ್ನೊಂದು ಮಾತು: ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ. ಜನವರಿಯಲ್ಲಿ ಅಪ್ಪ ಹೋದಾಗ ನಾವು ರಜಕ್ಕೆ ಮಳವಳ್ಳಿಯಲ್ಲೇ ಇದ್ದೆವು, ಆ ದಿನ ನಾನು ಬಂದಿದ್ದೆ. ಚಿಕ್ಕರಸಿನಕೆರೆಯಲ್ಲಿ ಬಸ್ಸಿಳಿದು ಹಿಂದಿನ ಓಣಿಯಿಂದ ನಮ್ಮ ಮನೆಯ ಹಿತ್ತಿಲಿಗೆ ಬಂದೆ. ನೀನು ಹಂಡೆಯಿಂದ ನೀರು ತೋಡುತ್ತಿದ್ದೆ. ತಲೆ ಎತ್ತಿ ನನ್ನನ್ನು ನೋಡಿದೆ. "ಜನ ಅವ್ರೆ, ಓಗು" ಅಂದೆ. ನಾನು ಹೋದೆ. ಯತೀಶಣ್ಣ ತಡೆದ ಎಂದು ಶಿವರಾಜುಗೂ ಅತ್ತೆಗೂ ಸುಳ್ಳು ಹೇಳಿದ್ದೇನೆ. ಅವನು ಆಗ ಮುಂಬಾಗಿಲಲ್ಲಿ ಅಪ್ಪನ ಪಕ್ಕ ಕೂತಿದ್ದ, ನಾನು ಬಂದಿದ್ದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅವನು ಬೇಡ ಅಂದಿದ್ದಕ್ಕೆ ನನಗೆ ಬರೀ ಸಿಟ್ಟು. ನೀನು ಅಂದಿದ್ದಕ್ಕೆ ಏನು ಮಾಡಲಿ ಎಂದು ಗೊತ್ತಾಗುತ್ತಿಲ್ಲ ಅವ್ವ.