ಹಚ್ಚದ ಮೇಣಬತ್ತಿ

ಅತ್ತಿಯವರಿಗೆ,

ರೊಟ್ಟಿ ಬುಟ್ಟ್ಯಾಗ ಅದಾವ, ಪುಂಡಿಪಲ್ಯ ಒಲಿ ಮ್ಯಾಲೈತಿ. ಮೊದಲ ಉಣ್ರಿ, ಬಿ.ಪಿ. ಗುಳಿಗಿ ನುಂಗ್ರಿ, ಆಮ್ಯಾಲೆ ಮುಂದಿಂದು ಓದ್ರಿ.

ಈಸ್ಟರ್ ದಿನ ನಸುಕಿನ್ಯಾಗ ಮಾವನವರ ಸಮಾಧಿಗೆ ಮೇಣಬತ್ತಿ ಹಚ್ಚಿದ್ರಿ. ಯಾವ ಕಾಲದಾಗೋ ಸತ್ತ ಮಿಶನ್ ದೊರಿಸಾನಿಗೂ ಒಂದು ಹಚ್ಚಿದ್ರಿ. ನಿಮ್ಮ ಮಗನ ಕಲ್ಲಿನ ಮುಂದ ಮಾತ್ರ ಕಡ್ಡಿ ಗೀರಿ, ಊದಿ ಆರಿಸಿ ಬಂದ್ರಿ. ನನಗ ಅಲ್ಲೇ ತಿಳೀತು. ಬದುಕಿದ್ದ ಮಗನ ಹೆಸರಿಗೆ ಬತ್ತಿ ಹಚ್ಚಾಕ ತಾಯಿ ಕೈ ಏಳಲಿಲ್ಲ. ಘಟಪ್ರಭಾದಾಗ ಮುಳುಗಿದ, ಹೆಣ ಸಿಗಲಿಲ್ಲ ಅಂತ ಹೇಳಿ ನನಗ ಬಿಳಿ ಸೀರಿ ಉಡಿಸಾಕ ಅದ ಕೈ ಚೆಂದಾಗಿ ಎದ್ದಿತ್ತು.

ಅವನ ಜೋಡಿ ನೇಯತಿದ್ದ ಗೆಳ್ಯಾರನ್ನ ಕೇಳಿ ಹುಡುಕಿಕೊಂಡು ಹೋದೆ. ಇಳಕಲ್ಲಿನಾಗ ಇನ್ನೊಬ್ಬಾಕಿ ಜೋಡಿ ಸಂಸಾರ ಹೂಡಿ ಸೀರಿ ನೇಯಾಕತ್ತಿದ್ದ. ನನ್ನ ಕಂಡರೂ ಮಗ್ಗ ನಿಲ್ಲಿಸಲಿಲ್ಲ. "ಓಡಿಹೋದ ಮಗನಕಿಂತ ಸತ್ತ ಮಗ ಚರ್ಚಿನಾಗ ಮರ್ಯಾದಿ ಉಳಸ್ತಾನ ಅಂತ ಅವ್ವ ಹೇಳಿದ್ಲು" ಅಂದ. ನಾ ಅಳಲಿಲ್ಲ. ಅಕಿ ಕೈಯಾಗ ನನ್ನ ಫೋನ್ ನಂಬರ್ ಕೊಟ್ಟು ಬಂದೆ.

ಇವತ್ತು ಮುಂಜಾನೆ ಅಕಿ ಫೋನ್ ಮಾಡಿದ್ಲು. ಮಗ್ಗದ ಮುಂದ ಕುಂತಾಂವ ಎದಿ ಹಿಡಕೊಂಡು ಬಿದ್ದ, ಜೀವ ಹೋತು ಅಂದ್ಲು. ಅವನ ಮಣ್ಣಿಗೆ ಇಳಕಲ್ಲಿಗೆ ಹೊಂಟೇನಿ.

ನೀವು ಬರಬ್ಯಾಡ್ರಿ. ನಿಮ್ಮ ಮಗ ಎಂದೋ ಸತ್ತಾನ ಅಂತ ಪಾಸ್ಟರ್ ಮುಂದ ನೀವೇ ಹೇಳೀರಿ. ಈಗ ಬಾಯಿ ಬಡಕೊಂಡು ಅತ್ರ ಓಣಿ ಮಂದಿಗೆ ಏನಂತ ಹೇಳ್ತೀರಿ? ಬಾಗಲಾ ಹಾಕ್ಕೊಂಡು ಅಳ್ರಿ, ಸಪ್ಪಳ ಹೊರಗ ಹೋಗಬಾರದು.

ಮೇಣಬತ್ತಿ ಕ್ಯಾಲೆಂಡರ್ ಕೆಳಗ ಇಟ್ಟೇನಿ. ಇನ್ನ ಹಚ್ಚಬಹುದು.

ಮಾರ್ಥಾ